ಎರಡನೆಯ ಚಿತ್ರದ ಹಲಗೆ

ಊರಂಚಿನ ಕಾತ್ರಜದ ಗುಡ್ಡ ಹತ್ತಿ ಬೆಳಗಿನ ಬಿಸಿಲಲ್ಲಿ ಊರಿನ ಉದ್ದನೆಯ ಚಿತ್ರ ತೆಗೆದಿದ್ದೆ. ದೂರದ ಸಣ್ಣ ವಿವರವನ್ನೂ ಹಿಡಿಯುವ ನನ್ನ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ಅಂಥ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಒಂದರ ಅಂಚು ಇನ್ನೊಂದರೊಳಗೆ ಬರುವಂತೆ ಸಾಲಾಗಿ ತೆಗೆದು ಮನೆಯಲ್ಲಿ ಜೋಡಿಸುತ್ತೇನೆ. ಫೋಕಸ್ ಸರಿಯಿದೆಯೇ ಎಂದು, ಕಟ್ಟುತ್ತಿದ್ದ ಕಟ್ಟಡವೊಂದರ ಫಲಕವನ್ನು ಗುಡ್ಡದ ಮೇಲೆಯೇ ಹಿಗ್ಗಿಸಿ ನೋಡಿದ್ದೆ. ಅಕ್ಷರಗಳು ಚೂಪಾಗಿದ್ದವು. ಅಷ್ಟಕ್ಕೇ ಖುಷಿಪಟ್ಟ ಮೂರ್ಖ ನಾನು.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಜೋಡಿಸುವಾಗ, ಆ ಫಲಕದ ಪಕ್ಕದಲ್ಲೇ ಹೊರಗೆ ಚಾಚಿದ ಹಲಗೆಯ ಮೇಲೆ ಗಾರೆ ಕೆಲಸದವನೊಬ್ಬ ನಿಂತಿದ್ದು ಕಂಡಿತು. ಅವನ ಅಂಗಿಯ ಚೌಕುಳಿ ಕೂಡ ಕಾಣುತ್ತಿತ್ತು. ಸೊಂಟಕ್ಕೆ ಹಗ್ಗವಿರಲಿಲ್ಲ. ಕೆಲವೇ ಸೆಕೆಂಡುಗಳ ನಂತರ ತೆಗೆದ ಪಕ್ಕದ ಚಿತ್ರದಲ್ಲಿ ಅದೇ ಹಲಗೆಯಿತ್ತು, ಅವನಿರಲಿಲ್ಲ.

ಹೆಂಡತಿಯನ್ನು ಕರೆದು ಎರಡನ್ನೂ ತೋರಿಸಿದೆ.

"ಒಳಗ ಹೋಗಿರಬೇಕ್ರಿ," ಎಂದಳು. ಎರಡನ್ನೂ ಮತ್ತೊಮ್ಮೆ ನೋಡಿ ಅವಳೇ ಸಣ್ಣ ದನಿಯಲ್ಲಿ, "ಚಿತ್ರ ಮ್ಯಾಲೆ ಸರಸ್ರಿ, ಕೆಳಗ ನೋಡೋಣು," ಅಂದಳು.

ಹಲಗೆಯ ಕೆಳಗೆ ಹನ್ನೊಂದು ಮಹಡಿಗಳಿದ್ದವು, ಅದರ ಕೆಳಗೆ ನೆಲ. ಎಲ್ಲವೂ ಫಲಕದ ಅಕ್ಷರಗಳಷ್ಟೇ ಚೂಪಾಗಿ ಬಂದಿರುತ್ತದೆಂದು ನನಗೆ ಗೊತ್ತಿತ್ತು.

ನಾನು ಕಂಪ್ಯೂಟರ್ ಆರಿಸಿದೆ. ಆ ಎರಡನೆಯ ಚಿತ್ರದ ಕೆಳಭಾಗವನ್ನು ಇವತ್ತಿಗೂ ನೋಡಿಲ್ಲ.