ಕಸದ ಗಾಡಿಯ ಜಲಜಕ್ಕ

ಹಾಲಾಡಿಯಿಂದ ಒಳಗಿರುವ ನಮ್ಮೂರಲ್ಲಿ ಪಂಚಾಯಿತಿಯ ಕಸದ ಗಾಡಿ ಓಡಿಸುವವಳು ಜಲಜಕ್ಕ. ಈಗ ಅದನ್ನು ಯಾರೂ ವಿಶೇಷವೆಂದು ನೋಡುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಆ ಸೀಟಿಗಾಗಿ ನಡೆದದ್ದನ್ನು ಕಣ್ಣಾರೆ ಕಂಡವಳು ನಾನು, ಹೇಳದೆ ಬಿಡಲಾರೆ.

ಹದಿನಾರು ವರ್ಷ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ಬೆರಳು ಕಪ್ಪಾದ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ ಮಗಳು ಚಂದನಾಳನ್ನು ಒಬ್ಬಳೇ ಓದಿಸಿದಳು. ಕಸದ ಗಾಡಿಯನ್ನು ಹೆಂಗಸರೇ ಓಡಿಸಬೇಕೆಂದು ಸರಕಾರದಿಂದ ಆದೇಶ ಬಂದಾಗ ನಮ್ಮ ಮಹಿಳಾ ಸಂಘದಿಂದ ಹೆಸರು ಕೊಟ್ಟವಳು ಅವಳೊಬ್ಬಳೇ. ತಿಂಗಳುಗಟ್ಟಲೆ ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ಕಲಿತು ಲೈಸೆನ್ಸ್ ತಂದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಗಾಡಿ ಬಂದ ದಿನ ಪೂಜೆ ಆಯಿತು, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟದ್ದೂ ಆಯಿತು. ನೋಡಿದರೆ ಸ್ಟೀರಿಂಗ್ ಹಿಡಿದು ಕೂತವನು ಮೆಂಬರ್ ದುಗ್ಗಪ್ಪನ ತಮ್ಮನ ಮಗ ರವಿಚಂದ್ರ. ಗಂಡನಿಲ್ಲದವಳು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವುದು ಶುಭವಲ್ಲ ಎಂದು ದುಗ್ಗಪ್ಪನ ವಾದ. ಮುಂದೆಯೂ ಅವನೇ ಓಡಿಸಲಿ, ಕಾಗದದಲ್ಲಿ ಜಲಜಳ ಹೆಸರಿದ್ದರೆ ಸಾಕು ಎಂದೂ ಸೇರಿಸಿದ. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡಲಿಲ್ಲ, ಆ ನಾಚಿಕೆ ಇಂದಿಗೂ ಇದೆ.

ಜಲಜಕ್ಕ ಕೂಗಾಡಲಿಲ್ಲ. ಬಗ್ಗಿ ನಾಲ್ಕೂ ನಿಂಬೆಹಣ್ಣು ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡು ಗಾಡಿಯ ಎದುರಿಗೇ ನಿಂತಳು.

“ಹೆಸ್ರ್ ನಂದ್, ಲೈಸೆನ್ಸ್ ನಂದ್, ಗಾಡಿ ಬಿಡುದೂ ನಾನೇ. ಇವತ್ ಇವ ಕೂತ್ರೆ ನಾಳೆ ಇಳುದಿಲ್ಲ, ನಂಗ್ ಗೊತ್ತಿತ್ತ್. ರವಿ, ಇಳಿ.”

ರವಿಚಂದ್ರ ದೊಡ್ಡಪ್ಪನ ಮುಖ ನೋಡಿದ. ದುಗ್ಗಪ್ಪ ಆಚೆ ನೋಡಿದ. ಮುಹೂರ್ತ ಮೀರುತ್ತಿದೆ ಎಂದು ಭಟ್ಟರು ಗೊಣಗಿದರು. ಕೊನೆಗೆ ಹುಡುಗ ಇಳಿದ. ಜಲಜಕ್ಕ ತಾನೇ ನಿಂಬೆಹಣ್ಣುಗಳನ್ನು ಮತ್ತೆ ಇಟ್ಟು ಹತ್ತಿ ಕೂತಳು. ಮೊದಲ ಸಲ ಗಾಡಿ ಗಕ್ಕನೆ ನಿಂತಿತು, ಯಾರೋ ಕಿಸಕ್ಕನೆ ನಕ್ಕರು. ಎರಡನೇ ಸಲ ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ನಾನು ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ.

ಮರುದಿನ ಬೆಳಿಗ್ಗೆ ಅವಳು ಮೊದಲು ಹೋದದ್ದು ದುಗ್ಗಪ್ಪನ ಮನೆಗೆ, ಊರಿನ ಅತಿ ಕಡಿದಾದ ಏರಿನ ತುದಿಗೆ. ಮೊದಲ ದಿನ ಜೊತೆಗಿರಲೆಂದು ನಾನೂ ಪಕ್ಕದ ಸೀಟಿನಲ್ಲಿದ್ದೆ. ದುಗ್ಗಪ್ಪ ಒಂದು ಚೀಲ ತಂದು ಕೊಟ್ಟ. ಜಲಜಕ್ಕ ಬಿಚ್ಚಿ ನೋಡಿದಳು. ಮೀನಿನ ಮುಳ್ಳು, ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಒಡೆದ ಬಲ್ಬು ಎಲ್ಲ ಒಟ್ಟಿಗೆ. ಚೀಲವನ್ನು ಅವನ ಕೈಗೇ ವಾಪಸು ಕೊಟ್ಟಳು.

“ಹಸಿದ್ ಬೇರೆ, ಒಣದ್ ಬೇರೆ ಮಾಡಿ ಇಡಿ, ದುಗ್ಗಪ್ಪಣ್ಣ. ನಾಳೆ ಬತ್ತೆ” ಎಂದು ಗೇರ್ ಹಾಕಿದಳು.