ಹಡಗಿನಿಂದ ಇಳಿದವಳ ಪರ ಮತ್ತು ವಿರೋಧ

ಅಮೆರಿಕದ ಈ ಮಾನ್ಮತ್ ಜಂಕ್ಷನ್ ಎಂಬ ಊರಿನ ಕನ್ನಡ ಮನೆಗಳಲ್ಲಿ ಈಗ ಓಡಾಡುತ್ತಿರುವ ಕಥೆ ಇದು: ರಂಗನಾಥ ಅಂಕಲ್ ಮೈಸೂರಿನ ಹೊಸ ಫ್ಲ್ಯಾಟಿಗೆ ಮರಗೆಲಸ ಮಾಡಿಸಲು ಮುಂಚಿತವಾಗಿ ಹೋಗಿದ್ದಾರೆ, ಸುಶೀಲಾ ಆಂಟಿ ಶಾಲೆಗಳಿಗೆ ರಜೆ ಬಂದ ಮೇಲೆ ಹಿಂದೆಯೇ ಹೊರಡುತ್ತಾರೆ. ಎಂಥ ಜೋಡಿ, ಈ ವಯಸ್ಸಿನಲ್ಲೂ ಸಂಜೆಯಾದರೆ ಒಟ್ಟಿಗೆ ಕೂತು ಪ್ರೇಮದ ಸೀರಿಯಲ್ ನೋಡುತ್ತಿದ್ದರು ಎಂದು ಕೊನೆಗೊಂದು ನಿಟ್ಟುಸಿರನ್ನೂ ಸೇರಿಸುತ್ತಾರೆ. ಇದರಲ್ಲಿ ಸೀರಿಯಲ್ ನೋಡುತ್ತಿದ್ದರು ಎಂಬುದಷ್ಟೇ ನಿಜ. ಮಿಕ್ಕದ್ದಕ್ಕೆಲ್ಲ ನನ್ನ ಆಕ್ಷೇಪವಿದೆ. ನಾನು ಅವರ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿರುವವಳು. ನಡೆದದ್ದೆಲ್ಲ ನನ್ನ ಕಣ್ಣೆದುರಿಗೇ.

ಇಲ್ಲಿನ ಔಷಧ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ತುಮಕೂರಿನಿಂದ ಬಂದಿಳಿದ ಮೊದಲ ಸಂಜೆ ಸೂಟ್‌ಕೇಸ್ ಬಿಚ್ಚುತ್ತಿದ್ದೆ. ತಲೆಯ ಮೇಲೆ ನೂರಾರು ಜನ ಒಮ್ಮೆಲೇ ನಕ್ಕರು. ಬೆಚ್ಚಿಬಿದ್ದೆ. ಇಷ್ಟು ಜನ ಯಾವಾಗ ಬಂದರು, ಬಾಗಿಲ ಸದ್ದೇ ಕೇಳಲಿಲ್ಲವಲ್ಲ? ಮೆಟ್ಟಿಲು ಹತ್ತಿ ಇಣುಕಿದರೆ ಉದ್ದನೆಯ ಸೋಫಾದ ಆ ತುದಿಯಲ್ಲಿ ಅಂಕಲ್, ಈ ತುದಿಯಲ್ಲಿ ಆಂಟಿ. ಇಬ್ಬರ ಮುಖದಲ್ಲೂ ನಗುವಿನ ಸುಳಿವಿಲ್ಲ. ನಗುತ್ತಿದ್ದದ್ದು ಟಿವಿ.

ಅದು ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಸೀರಿಯಲ್. ಹಳೆಯದನ್ನೇ ಮತ್ತೆ ಮತ್ತೆ ಹಾಕುವ ಚಾನೆಲ್ ಒಂದರಲ್ಲಿ ದಿನಾ ಬರುತ್ತದೆ. ಬಿಳಿ ಹಡಗು, ಬಿಳಿ ಸಮವಸ್ತ್ರದ ಸಿಬ್ಬಂದಿ, ಪ್ರತಿ ಕಂತಿಗೂ ಹೊಸ ಪ್ರಯಾಣಿಕರು. ಜಗಳವಾಡಿಕೊಂಡು ಹತ್ತಿದವರು ಕೈ ಹಿಡಿದುಕೊಂಡು ಇಳಿಯುತ್ತಾರೆ. ಒಂಟಿಯಾಗಿ ಹತ್ತಿದವರು ಜೋಡಿಯಾಗಿ ಇಳಿಯುತ್ತಾರೆ. ಇದೆಲ್ಲ ಒಂದು ಗಂಟೆಯೊಳಗೆ, ಜಾಹೀರಾತೂ ಸೇರಿ. ಹಡಗಿನಿಂದ ಇಳಿದ ಮೇಲೆ ಅವರ ಗತಿ ಏನಾಯಿತು ಎಂದು ಯಾವ ಕಂತಿನಲ್ಲೂ ಹೇಳುವುದಿಲ್ಲ. ಇದು ಪ್ರೇಮಕಥೆಯಲ್ಲ, ಹಡಗಿನ ಕಂಪನಿಯ ಕರಪತ್ರ ಎಂದು ಮೊದಲ ವಾರವೇ ವಾದಿಸಿದ್ದೆ. "ನಿನಗೆ ಊಟಕ್ಕಿಂತ ವಾದಾನೇ ಜಾಸ್ತಿ ಆಯ್ತು, ತಿನ್ನು," ಎಂದು ಆಂಟಿ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದ್ದರು.

ಆಂಟಿಯ ಕೆಲಸ ನನಗೆ ಎರಡನೆಯ ಅಚ್ಚರಿ. ಅವರು ಕ್ರಾಸಿಂಗ್ ಗಾರ್ಡ್, ಅಂದರೆ ಶಾಲೆಯ ಮುಂದೆ ನಿಂತು ಮಕ್ಕಳನ್ನು ರಸ್ತೆ ದಾಟಿಸುವವರು. ಸ್ವೆಟರಿನ ಮೇಲೆ ಕಣ್ಣು ಕುಕ್ಕುವ ಹಳದಿ ಜಾಕೆಟ್, ಕೈಯಲ್ಲಿ 'ಸ್ಟಾಪ್' ಎಂಬ ಕೆಂಪು ಹಲಗೆ. ಅವರು ಅದನ್ನು ಎತ್ತಿದರೆ ಮನೆಗಾತ್ರದ ಟ್ರಕ್ಕುಗಳೂ ಉಸಿರು ಬಿಗಿಹಿಡಿದು ನಿಲ್ಲುತ್ತವೆ. ಒಂದು ಬೆಳಿಗ್ಗೆ ಇದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಆಂಟಿ ಹೇಳಿದ್ದರು: "ಮೈಸೂರಲ್ಲಿ ನಾನು ಕೈ ಎತ್ತಿದ್ರೂ ನಿಲ್ತಾರೆ ಕಣೇ. ಆಟೋದವನು. 'ಎಲ್ಲಿಗಮ್ಮಾ?' ಅಂತಾನೆ."

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅಂಕಲ್ ಮೈಸೂರುಪಾಕಿನ ಡಬ್ಬ ಹಿಡಿದು ಬಂದರು. ನಾನೂ ಆಂಟಿಯೂ ಅಡುಗೆಮನೆಯಲ್ಲಿದ್ದೆವು.

"ತಗೊಳಮ್ಮ ಮೇಘನಾ, ಬಾಯಿ ಸಿಹಿ ಮಾಡ್ಕೋ. ಸರಸ್ವತಿಪುರಂನಲ್ಲಿ ಫ್ಲ್ಯಾಟ್ ಆಯ್ತು. ರಿಜಿಸ್ಟ್ರೇಷನ್ನೂ ಮುಗೀತು. ದೀಪಾವಳಿ ಹೊತ್ತಿಗೆ ನಾವಿಬ್ರೂ ಅಲ್ಲಿ!"

ನಾನು ಒಂದು ತುಂಡು ತೆಗೆದುಕೊಂಡೆ. ಆಂಟಿಯೂ ತೆಗೆದುಕೊಂಡರು. ಆಮೇಲೆ ಕೇಳಿದರು: "ಯಾರ ಫ್ಲ್ಯಾಟು?"

ಇನ್ನುಳಿದ ಬದುಕನ್ನು ಎಲ್ಲಿ ಕಳೆಯಬೇಕೆಂಬ ಸುದ್ದಿ ಮನೆಯೊಡತಿಗೂ ಬಾಡಿಗೆಯವಳಿಗೂ ಒಂದೇ ಡಬ್ಬದಿಂದ ಹಂಚಿಕೆಯಾಗಿತ್ತು.

ನಮ್ಮ ತುಮಕೂರಿನ ಬೀದಿಯಲ್ಲಾಗಿದ್ದರೆ ಅವತ್ತು ಪಾತ್ರೆ ಹಾರುತ್ತಿತ್ತು. ಎದುರುಮನೆಯ ಅಜ್ಜಿ ಕರೆಯದೇ ಬಂದು ಪಂಚಾಯಿತಿಗೆ ಕೂರುತ್ತಿದ್ದಳು, ಊಟದ ಹೊತ್ತಿಗೆ ಯಾರಾದರೊಬ್ಬರು ಅತ್ತು ಹಗುರಾಗುತ್ತಿದ್ದರು. ಇಲ್ಲಿ ಮನೆಗೂ ಮನೆಗೂ ನಡುವೆ ಕತ್ತರಿಸಿದ ಹುಲ್ಲು. ಜಗಳ ಎಲ್ಲಿಗೆ ಹೋಗಬೇಕು? ಸೀರಿಯಲ್ಲಿನೊಳಕ್ಕೆ ಹೋಯಿತು. ಅವತ್ತಿನಿಂದ ಇಬ್ಬರೂ ಮೈಸೂರಿನ ಮಾತೇ ಎತ್ತಲಿಲ್ಲ. ಟಿವಿಯಲ್ಲಿ ಹಡಗು ಹೊರಟಿತೋ, ಇವರೂ ವಾದಕ್ಕೆ ಹೊರಡುತ್ತಿದ್ದರು. ಕಾಲೇಜಿನ ಐದು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳಿಗೆ ಪರ ಯಾವುದು, ವಿರೋಧ ಯಾವುದು ಎಂದು ಗೊತ್ತಾಗಲು ಎರಡು ಸಂಜೆ ಸಾಕಾಯಿತು.

ಮೂರನೆಯ ಸಂಜೆಯ ಕಂತಿನಲ್ಲಿ ಹಡಗಿನ ಹಾಲ್‌ನಲ್ಲಿ ಪಿಯಾನೋ ನುಡಿಸುವ ಹೆಂಗಸು. ಅವಳನ್ನು ಮೆಚ್ಚಿದ ಪ್ರಯಾಣಿಕನೊಬ್ಬ ತನ್ನ ಊರಿನಲ್ಲಿ ಆಗಲೇ ಮನೆ ಕೊಂಡಿಟ್ಟು, ಬಾ ಎನ್ನುತ್ತಾನೆ. ಅವಳು ಕಣ್ಣೊರೆಸಿಕೊಂಡು ಇಳಿದೇಬಿಡುತ್ತಾಳೆ. ಚಪ್ಪಾಳೆ, ಸಂಗೀತ.

"ಪಾಪ, ಅವಳಿಗೋಸ್ಕರಾನೇ ತಾನೇ ಮನೆ ತಗೊಂಡಿದ್ದು," ಎಂದರು ಅಂಕಲ್, ಟಿವಿಗೆ.

"ಅವಳಿಗೋಸ್ಕರ ಅಂತ ಅವಳಿಗೆ ಯಾವಾಗ ಗೊತ್ತಾಯ್ತು?" ಆಂಟಿಯೂ ಟಿವಿಗೇ.

"ಸರ್‌ಪ್ರೈಸ್ ಅಂದ್ರೆ ಹೇಳಿ ಮಾಡ್ತಾರಾ?"

"ಸೀರೆ ಸರ್‌ಪ್ರೈಸ್ ಕೊಡಬಹುದು. ಊರು ಸರ್‌ಪ್ರೈಸ್ ಕೊಡಕ್ಕಾಗಲ್ಲ."

ಅಂಕಲ್ ನನ್ನತ್ತ ತಿರುಗಿದರು. "ಏನಮ್ಮ, ಡಿಬೇಟ್ ಚಾಂಪಿಯನ್ನು! ನೀನೇ ಜಡ್ಜು. ಅವಳು ಇಳಿದಿದ್ದು ಸರಿ ತಾನೇ?"

ಜಾಣೆಯಾದವಳು ತಟ್ಟೆ ತೊಳೆಯಬೇಕೆಂದು ಎದ್ದುಹೋಗುತ್ತಿದ್ದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡೆ. "ಅವನ ಪ್ರೀತಿ ಸುಳ್ಳು ಅಂತ ನಾನು ಹೇಳಲ್ಲ ಅಂಕಲ್. ಪ್ರಶ್ನೆ ಅದಲ್ಲ. ಹಡಗು ಅವನಿಗೆ ಪ್ರವಾಸ, ಅವಳಿಗೆ ಕೆಲಸ. ತನ್ನ ಪ್ರವಾಸ ಮುಗೀತು ಅಂತ ಕೆಲಸದಲ್ಲಿರೋಳನ್ನ ಎಬ್ಬಿಸಿಕೊಂಡು ಇಳಿಯೋದು ಯಾವ ನ್ಯಾಯ? ಅವಳು ಇಳೀಬಾರದಿತ್ತು."

ಟಿವಿ ನಕ್ಕಿತು.

ಊರಿನ ಸ್ಪರ್ಧೆಗಳಲ್ಲಿ ಏನೆಲ್ಲ ಗೆದ್ದಿಲ್ಲ ನಾನು! ವರದಕ್ಷಿಣೆ ಅಳಿಸಿದ್ದೇನೆ, ಹೆಣ್ಣಿಗೆ ಸರಿಪಾಲು ಕೊಡಿಸಿದ್ದೇನೆ. ಗೆದ್ದ ಮೇಲೆ ಖಾರಾಬಾತ್ ತಿಂದು ಬಸ್ಸು ಹತ್ತುತ್ತಿದ್ದೆವು, ಜಗತ್ತು ತನ್ನ ಪಾಡಿಗೆ ಇರುತ್ತಿತ್ತು. ಮಾತು ಎಂದರೆ ಅಷ್ಟೇ ಎಂದು ನಂಬಿದ್ದೆ. ಮರುದಿನ ಬೆಳಿಗ್ಗೆ ಆಂಟಿ ಹಳದಿ ಜಾಕೆಟ್ ತೊಟ್ಟು, ಒಲೆ ಆರಿಸಿ, ಟಿವಿಯಿಲ್ಲದ ಅಡುಗೆಮನೆಯಲ್ಲಿ ನೇರವಾಗಿ ಗಂಡನಿಗೇ ಹೇಳಿದರು: "ರೀ, ನಾನು ಮೈಸೂರಿಗೆ ಬರಲ್ಲ."

ಅಂಕಲ್ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನೋಡಮ್ಮ. ನಿನ್ನ ಟ್ರೋಫಿ."

ವಾದ ತಪ್ಪಾಗಿತ್ತೇ ಎಂದರೆ ಇಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಮಾತು ಹೀಗೆ ಎದ್ದು ನಡೆದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೆಲವು ವಾರಗಳ ಮೇಲೆ ಅಂಕಲ್ ಒಬ್ಬರೇ ಹೊರಟರು. ವಿಮಾನ ನಿಲ್ದಾಣಕ್ಕೆ ಆಂಟಿಯೇ ಡ್ರೈವ್ ಮಾಡಿದರು. ದಾರಿಯುದ್ದಕ್ಕೂ ಇಬ್ಬರೂ ಹೆದ್ದಾರಿಯಿಂದ ಹೊರಳಲು ಯಾವ ಎಕ್ಸಿಟ್ ತೆಗೆದುಕೊಳ್ಳಬೇಕೆಂಬುದರ ಬಗ್ಗೆ ಮಾತ್ರ ಮಾತಾಡಿದರು.

ಈಗ ಸಂಜೆ ಟಿವಿ ಹಾಕುವುದಿಲ್ಲ. ಮೈಸೂರಿನಲ್ಲಿ ಬೆಳಗಾಗುವಾಗ ಫೋನ್ ಬರುತ್ತದೆ. ಆಂಟಿ ಅದನ್ನು ಸ್ಪೀಕರಿನಲ್ಲಿಟ್ಟು ಹುರುಳಿಕಾಯಿ ಹೆಚ್ಚುತ್ತಾರೆ. ಹಾಲಿನವನು ಬಂದ, ಲಿಫ್ಟ್ ಕೆಟ್ಟಿದೆ, ಬಡಗಿ ಕೈಕೊಟ್ಟ, ಇಂಥವೇ. ನಿನ್ನೆ ಅಂಕಲ್ ಬಡಗಿಯ ಮಾತನ್ನು ಅರ್ಧಕ್ಕೇ ಬಿಟ್ಟರು. ಆಮೇಲೆ, "ಸುಶೀಲಾ, ಬಾ ಅಂತ ಹೇಳ್ತಾ ಇಲ್ಲ. ಬರ್ತೀಯಾ ಅಂತ ಕೇಳ್ತಾ ಇದೀನಿ," ಎಂದರು.

ಇಷ್ಟು ವರ್ಷಗಳಲ್ಲಿ ಮೊದಲ ಸಲವಿರಬೇಕು. ಹೆಚ್ಚುತ್ತಿದ್ದ ಕೈ ನಿಂತಿತು. "ನಾಳೆ ಮಾತಾಡ್ತೀನಿ ರೀ," ಎಂದು ಆಂಟಿ ಫೋನ್ ಇಟ್ಟರು.

ನನ್ನ ಅಮ್ಮನೂ ಪ್ರತಿ ಭಾನುವಾರ ಕೇಳುತ್ತಾಳೆ, ಯಾವಾಗ ವಾಪಸ್ ಬರ್ತೀಯ ಎಂದು. ಬರುವುದು ಖಚಿತ, ದಿನ ಮಾತ್ರ ಬಾಕಿ ಎಂಬಂತೆ. ನಾನು ರೇಗುತ್ತೇನೆ, ಫೋನಿಟ್ಟ ಮೇಲೆ ತುಮಕೂರಿನ ಹವಾಮಾನ ನೋಡುತ್ತೇನೆ. ಇಲ್ಲಿಯೇ ಇರುತ್ತೇನೆ ಎನ್ನುವಾಗ ನನ್ನ ನಾಲಿಗೆಯಲ್ಲಿರುವುದು ಈ ಊರಿನ ಮೇಲಿನ ಆಸೆಯೋ, ಕೇಳದೇ ಕರೆಯುವವರ ಮೇಲಿನ ಸಿಟ್ಟೋ, ನನಗೇ ಗೊತ್ತಿಲ್ಲ. ಪರವಾಗಿಯೂ ಮಾತಾಡಬಲ್ಲೆ, ವಿರೋಧವಾಗಿಯೂ ಮಾತಾಡಬಲ್ಲೆ.

ಅದಕ್ಕೇ ನಿನ್ನೆ ಆಂಟಿ ಫೋನಿಟ್ಟ ಮೇಲೆ ಮೇಜಿನ ಎದುರು ಕೂತು ಕೇಳಿದೆ: "ಆಂಟಿ, ನೀವು ಬರಲ್ಲ ಅಂದಿದ್ದು ಮೈಸೂರು ಬೇಡ ಅಂತಲೋ, ಅಥವಾ ಅವರು ನಿಮ್ಮನ್ನ ಕೇಳಲಿಲ್ಲ ಅಂತಲೋ?"