ಮಾಗಿಯಲ್ಲಿ ಸಮುದ್ರದ ನೀರು

ಅಜ್ಜಂಪುರದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಶಿಕ್ಷಕಿಯಾಗಿ ಹಾಕಿದ್ದು ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾದ ಮಾರನೆಯ ವರ್ಷ. ನಾನು ಕುಮಟೆಯ ಕಡೆಯವಳು. ನಮ್ಮ ಮನೆಯ ಹಿತ್ತಿಲು ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ಸಮುದ್ರ. ಮದುವೆಯಾಗಿರಲಿಲ್ಲ. ತಾಯಿ ಊರಿನಲ್ಲಿ ಸೋದರಮಾವನ ಜೊತೆ ಇದ್ದಳು. ಅಜ್ಜಂಪುರದಲ್ಲಿ ನನ್ನ ಮಾತು ಕೇಳಿದರೆ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಮರುದಿನ ಶಾಲೆಯ ಗಂಟೆ ಹೊಡೆಯುವವರೆಗೆ ನನ್ನೊಡನೆ ಮಾತಾಡುವವರು ಯಾರೂ ಇರಲಿಲ್ಲ.

ಬಾಡಿಗೆಗೆ ಸಿಕ್ಕಿದ್ದು ಲಿಂಗವಂತರ ಒಬ್ಬ ವಿಧವೆಯ ಮನೆಯ ಹೊರಕೋಣೆ. ಐವತ್ತು ದಾಟಿದ್ದ ಆಕೆಯನ್ನು ನಾನು ಅಮ್ಮ ಎನ್ನುತ್ತಿದ್ದೆ, ಆಕೆ ನನ್ನನ್ನು ಮೇಷ್ಟ್ರಮ್ಮ ಎನ್ನುತ್ತಿದ್ದರು. ಅಷ್ಟು ಬಿಟ್ಟರೆ ಮೊದಮೊದಲು ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ.

ಅಲ್ಲಿಯ ಚಳಿ ನನಗೆ ಹೊಸದು. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿನ ಹೊಲವೇ ಕಾಣದಷ್ಟು ಮಂಜು. ಅಂಥ ಹೊತ್ತಿನಲ್ಲಿ ಅಮ್ಮ ಹಿತ್ತಿಲಲ್ಲಿ ತಣ್ಣೀರು ಮೀಯುತ್ತಿದ್ದರು. ಬಾವಿಯಿಂದ ಆಗ ಸೇದಿದ ನೀರಾದರೆ ಬೆಚ್ಚಗಿರುತ್ತದೆ, ಹೊಗೆಯಾಡುತ್ತದೆ. ಆಕೆ ಅದನ್ನು ಮುಟ್ಟುತ್ತಿರಲಿಲ್ಲ. ಹಿಂದಿನ ದಿನವೇ ಕಲ್ಲುಬಾನಿಗೆ ತುಂಬಿಸಿ ಇಬ್ಬನಿಯಲ್ಲಿ ಬಿಟ್ಟ ನೀರನ್ನೇ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಹಲ್ಲು ಕಟಕಟ ಎನ್ನುವುದು ನನ್ನ ಕೋಣೆಗೂ ಕೇಳುತ್ತಿತ್ತು.

ಒಂದು ಭಾನುವಾರ ಕೇಳಿಯೇಬಿಟ್ಟೆ. "ಏನಮ್ಮ, ಹರಕೆಯೇ?"

"ಹರಕೆ ಅಲ್ಲ ಕಣಮ್ಮ," ಎಂದರು. ಜೋಳ ಕೇರುತ್ತಲೇ ಹೇಳಿದರು. ಅವರ ಯಜಮಾನರು ವರ್ಷವರ್ಷವೂ ಗಾಡಿಗಳಲ್ಲಿ ಒಣಮೆಣಸಿನಕಾಯಿ ಹೇರಿಕೊಂಡು ಘಟ್ಟ ಇಳಿದು, ನಮ್ಮ ಕಡೆಯಿಂದ ಉಪ್ಪು ತುಂಬಿಕೊಂಡು ಬರುತ್ತಿದ್ದರಂತೆ. ಒಂದು ಪುಷ್ಯಮಾಸದಲ್ಲಿ ಬೆಳಿಗ್ಗೆ ಸ್ನಾನಕ್ಕೆಂದು ಸಮುದ್ರಕ್ಕೆ ಇಳಿದವರು ಮೇಲೆ ಬರಲಿಲ್ಲ. ದಡಕ್ಕೆ ಬಂದ ದೇಹವನ್ನು ಗಾಡಿಯವರು ಅಲ್ಲೇ ಮಣ್ಣು ಮಾಡಿ, ಎತ್ತು ಹೊಡೆದುಕೊಂಡು ಬಂದು ಸುದ್ದಿ ಹೇಳಿದರು. ಆಗ ಈಕೆಗೆ ಇನ್ನೂ ಚಿಕ್ಕ ವಯಸ್ಸು.

"ಅವ್ರಿಗೆ ಚಳಿ ಅಂದ್ರೆ ಆಗ್ತಿರ್ಲಿಲ್ಲ. ನೀರು ಕುದೀತಿದ್ರೂ ಇನ್ನೊಂದ್ ಸೌದೆ ಇಡೇ ಅಂತಿದ್ರು. ಅಂಥೋರು ಆ ಚಳಿನಾಗೆ, ಅಷ್ಟು ನೀರ್ನಾಗೆ ಎಷ್ಟು ನಡುಗಿದ್ರೋ ಏನೋ. ನಾನೊಬ್ಳು ಬಿಸ್ನೀರ್ ಹುಯ್ಕಳಾದು ಹೆಂಗೆ?"

ನಾನು ಹೇಳಿದೆ: "ಅಮ್ಮ, ನಮ್ಮ ಕಡೆ ಸಮುದ್ರ ಅಷ್ಟು ತಣ್ಣಗಾಗೋದಿಲ್ಲ. ಮಾಗಿಯಲ್ಲಿ ಸ್ವಲ್ಪ ತಣಿಯುತ್ತದೆ, ಅಷ್ಟೆ. ಬೆಳಿಗ್ಗೆ ಗಾಳಿಗಿಂತ ನೀರೇ ಬೆಚ್ಚಗಿರ್ತದೆ. ಚಿಕ್ಕವರಿದ್ದಾಗ ಕಾಲಿಗೆ ಚಳಿ ಹಿಡಿದರೆ ನಾವು ನೀರಿಗೇ ಹೋಗಿ ನಿಲ್ಲುತ್ತಿದ್ದೆವು."

"ನನ್ ಸಮಾಧಾನಕ್ಕೆ ಹೇಳ್ತೀರ," ಎಂದು ಆಕೆ ಮೊರ ಎತ್ತಿಕೊಂಡು ಒಳಗೆ ಹೋದರು.

ಮುಂದಿನ ವರ್ಷ ಪುಷ್ಯದಲ್ಲೇ ನನ್ನ ತಾಯಿ ತೀರಿಕೊಂಡಳು. ತಂತಿ ತಡವಾಗಿ ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳು ಬರಲಿಲ್ಲ. ರಜೆ ಮುಗಿದ ಮೇಲೆ ವಾಪಸು ಬಂದು ಪಾಠ ಮಾಡಿದೆ. ಆ ವರ್ಷವಿಡೀ ಹಾಗೇ ಕಳೆಯಿತು. ತಾಯಿಯ ವರ್ಷಾಂತಿಕಕ್ಕೆ ಊರಿಗೆ ಹೊರಟಾಗ ಅಮ್ಮ ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬತ್ತೀನಿ. ಒಂದ್ಸಲ ನೋಡ್ಬೇಕು."

ಬೀರೂರಿನಲ್ಲಿ ಗಾಡಿ ಬದಲಾಯಿಸಿ, ತರೀಕೆರೆ, ಶಿವಮೊಗ್ಗ ದಾಟಿ ತಾಳಗುಪ್ಪದವರೆಗೆ ರೈಲು. ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದೆವು.

ಮರುದಿನ ಬೆಳಿಗ್ಗೆ ಇಬ್ಬರೂ ಸಮುದ್ರಕ್ಕೆ ಹೋದೆವು. ತೀರದಲ್ಲಿ ಯಾರೂ ಇರಲಿಲ್ಲ. ನೆಲದ ಕಡೆಯಿಂದ ಕುಳಿರ್ಗಾಳಿ ಬೀಸುತ್ತಿತ್ತು, ಕಾಲಡಿಯ ಮರಳು ತಣ್ಣಗಿತ್ತು. ಅಮ್ಮ ಕಂಬಳಿಯನ್ನು ಬಿಗಿಯಾಗಿ ಹೊದ್ದು ದೂರವೇ ನಿಂತರು. ಅಷ್ಟು ದೊಡ್ಡ ನೀರನ್ನು ಅವರು ಎಂದೂ ಕಂಡಿರಲಿಲ್ಲ. ನಾನು ಮೊಣಕಾಲಿನವರೆಗೆ ಇಳಿದು ಕೈ ಚಾಚಿದೆ. ತುಂಬ ಹೊತ್ತಿನ ಮೇಲೆ ಬಂದು ನನ್ನ ಕೈ ಹಿಡಿದರು. ಒಂದು ಸಣ್ಣ ಅಲೆ ಅವರ ಪಾದದ ಮೇಲೆ ಹರಿದು ಹೋಯಿತು. ಬೆಚ್ಚಿದವರಂತೆ ಕಾಲು ಎಳೆದುಕೊಂಡರು. ಆಮೇಲೆ ತಾವಾಗಿ ಇಟ್ಟರು. ಬಗ್ಗಿ, ಅಂಗೈಯನ್ನು ನೀರಿನಲ್ಲಿ ಮುಳುಗಿಸಿ ಹಾಗೇ ಹಿಡಿದರು.

"ಬೆಚ್ಚಗೈತಲ್ಲಮ್ಮ," ಎಂದರು.

"ಹೌದು."

"ಆವತ್ತೂ ಹಿಂಗೇ ಇದ್ದಿರ್ಬೇಕಲ್ವಾ?"

"ಹೀಗೇ ಇದ್ದಿರುತ್ತದೆ ಅಮ್ಮ. ಪ್ರತಿ ವರ್ಷವೂ ಹೀಗೇ."

ಕಂಬಳಿಯನ್ನು ನನ್ನ ಕೈಗೆ ಕೊಟ್ಟು, ಸೊಂಟದವರೆಗೆ ನೀರು ಬರುವ ಕಡೆ ಹೋಗಿ ನಿಂತರು. ನಾನು ಅವರ ಸೆರಗು ಹಿಡಿದೇ ಇದ್ದೆ. ಅವರು ಏನೋ ಹೇಳುತ್ತಿದ್ದರು, ನನಗಲ್ಲ. ಅಲೆಯ ಸದ್ದಿನಲ್ಲಿ ಕೇಳಿಸಲಿಲ್ಲ, ಕೇಳಿಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಬಿಸಿಲು ಬಿದ್ದ ಮೇಲೆ ದಡಕ್ಕೆ ಬಂದರು. ಮಣ್ಣು ಮಾಡಿದ ಜಾಗ ಹುಡುಕೋಣವೇ ಎಂದೆ. ಬೇಡ ಎಂದು ತಲೆಯಾಡಿಸಿದರು.

ವರ್ಷಾಂತಿಕ ಮುಗಿಸಿ ವಾಪಸು ಬರುವಾಗ, ರೈಲಿನಲ್ಲಿ ಮೊದಲ ಸಲ ಅವರು ಯಜಮಾನರ ಬಗ್ಗೆ ನಗುತ್ತಾ ಮಾತಾಡಿದರು. ಎಷ್ಟು ಎತ್ತರವಿದ್ದರು, ಎಷ್ಟು ಜೋರಾಗಿ ಸೀನುತ್ತಿದ್ದರು ಎಂದೆಲ್ಲ. ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ನಿಮ್ಮವ್ವ ಹೆಂಗಿದ್ರು ಕಣಮ್ಮ?" ಎಂದು ಕೇಳಿದರು.

ತಾಯಿ ಹೋಗಿ ಒಂದು ವರ್ಷವಾಗಿತ್ತು. ಯಾರೂ ಹಾಗೆ ಕೇಳಿರಲಿಲ್ಲ. ಹೇಳಲು ಬಾಯಿ ತೆರೆದವಳು ಅಳತೊಡಗಿದೆ. ಆಕೆ ಸುಮ್ಮನಿರು ಎನ್ನಲಿಲ್ಲ. ತರೀಕೆರೆ ಸ್ಟೇಷನ್ ಬರುವವರೆಗೂ ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದರು.

ಆಮೇಲೂ ಅವರು ತಣ್ಣೀರಲ್ಲೇ ಮೀಯುತ್ತಿದ್ದರು. ಅಭ್ಯಾಸ ಆಗೋಗೈತೆ ಎನ್ನುತ್ತಿದ್ದರು. ಎರಡು ವರ್ಷ ಕಳೆದು ನನಗೆ ಕಡೂರಿಗೆ ವರ್ಗವಾಯಿತು. ಅಲ್ಲಿದ್ದಾಗಲೇ, ಅಜ್ಜಂಪುರದಿಂದ ಸಂತೆಗೆ ಬಂದವರೊಬ್ಬರು ಅಮ್ಮ ಹೋದ ಸುದ್ದಿ ಹೇಳಿದರು. ಮಣ್ಣು ಮಾಡಿ ವಾರವೇ ಆಗಿತ್ತು.

ಆ ದಿನ ಶಾಲೆಯಲ್ಲಿ ಹೊಸದಾಗಿ ಬಂದಿದ್ದ ಜೊತೆಯ ಶಿಕ್ಷಕಿ, ಮುಖ ಯಾಕೆ ಸಪ್ಪಗಿದೆ ಎಂದರು. ಊರಲ್ಲಿ ನಮ್ಮವರೊಬ್ಬರು ಹೋದರು ಎಂದೆ.

"ಯಾವೂರು ನಿಮ್ದು?"

"ಅಜ್ಜಂಪುರ," ಎಂದೆ. ಹೇಳಿದ ಮೇಲೆ, ಅಲ್ಲಿಯೂ ಇನ್ನು ನನಗೆ ಯಾರೂ ಇಲ್ಲ ಎಂಬುದು ಹೊಳೆಯಿತು. ಎರಡನೇ ಗಂಟೆ ಹೊಡೆಯಿತು. ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದೆ.